ಏಳನೇ ಸಾಕ್ಷಿಯ ಮಗಳು

ನೀಲಾಂಬಿಕ ಶಿಕಾರಿಪುರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಅವರಿಗೆ ಒಂದು ಪುಸ್ತಕ ಹೆಚ್ಚುಕಡಿಮೆ ಬಾಯಿಪಾಠವಾಗಿತ್ತು. ಪ್ರೀತಿಯಿಂದ ಆದ ಬಾಯಿಪಾಠವಲ್ಲ. ಹಲ್ಲುನೋವಿದ್ದವರು ಆ ಹಲ್ಲನ್ನೇ ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡುತ್ತಾರಲ್ಲ, ಹಾಗೆ ಇಪ್ಪತ್ತು ವರ್ಷ ಅದನ್ನು ಮತ್ತೆ ಮತ್ತೆ ತೆಗೆದು ಓದಿದ್ದರು.

‘ಕಾನು ಮತ್ತು ಕಿರೀಟ’ ಎಂಬ ಆ ಪುಸ್ತಕ ಬರೆದವರು ಇತಿಹಾಸದ ಪ್ರೊಫೆಸರ್ ವೀರಬಸಪ್ಪನವರು. ಸೊರಬ ಸೀಮೆಯ ಕಾನುಗಳು, ಅಂದರೆ ಊರಿನವರು ತಲೆತಲಾಂತರದಿಂದ ಮೆಣಸು, ಸೊಪ್ಪು, ಜೇನು ತೆಗೆದುಕೊಂಡು ಬಂದ ಕಾಡಿನ ತುಂಡುಗಳು, ಬ್ರಿಟಿಷರ ರೈಲಿನ ಹಲಗೆಗಳಾಗಿ ಹೇಗೆ ಹೊರಟುಹೋದವು ಎಂಬುದು ಅದರ ಮೊದಲರ್ಧ. ಮರದ ದರ ಲಂಡನ್ನಿನಲ್ಲಿ ನಿಗದಿಯಾಗುತ್ತಿತ್ತು, ಅದೇ ಕಾನಿನಲ್ಲಿ ಒಂದು ಹೊರೆ ಸೊಪ್ಪು ತಂದದ್ದಕ್ಕೆ ಮಾವಿನಕಾನು ಊರಿನವರು ದಂಡ ಕಟ್ಟುತ್ತಿದ್ದರು ಎಂದು ಪ್ರೊಫೆಸರರು ಇಸವಿ, ಪತ್ರದ ನಂಬರು ಸಮೇತ ತೋರಿಸಿದ್ದರು. ಎರಡನೆಯ ಅರ್ಧ ಮೊಕದ್ದಮೆಯದು. ನಲವತ್ತೆರಡರಲ್ಲಿ ಮಾವಿನಕಾನಿನವರು ಯುದ್ಧಕ್ಕೆಂದು ಪೇರಿಸಿಟ್ಟಿದ್ದ ಮರದ ಡಿಪೋಗೆ ಬೆಂಕಿ ಇಟ್ಟರು. ಹನ್ನೊಂದು ಜನರಿಗೆ ಶಿಕ್ಷೆಯಾಯಿತು, ಅವರಲ್ಲಿ ಇಬ್ಬರಿಗೆ ಗಲ್ಲು. ಮೇಲ್ಮನವಿಯಲ್ಲಿ ಆ ಗಲ್ಲು ಜೀವಾವಧಿಗೆ ಇಳಿಯಿತು. ಹನ್ನೊಂದು ಜನರನ್ನೂ ಕೋರ್ಟಿನಲ್ಲಿ ಬೆರಳು ಮಾಡಿ ತೋರಿಸಿದವನು ಪ್ರಾಸಿಕ್ಯೂಷನ್ನಿನ ಏಳನೇ ಸಾಕ್ಷಿ, ಡಿಪೋಗೆ ಗಾಡಿ ಹೊಡೆಸುತ್ತಿದ್ದ ಕಂತ್ರಾಟುದಾರ ಶಾಂತವೀರಪ್ಪ.

ಶಾಂತವೀರಪ್ಪ ನೀಲಾಂಬಿಕರ ತಂದೆ.

ಎಪ್ಪತ್ತರಲ್ಲಿ ಪುಸ್ತಕ ಬಂದಾಗ ಶಾಂತವೀರಪ್ಪನವರು ಗಾಡಿ ಬಿಟ್ಟು ಬಹಳ ವರ್ಷವಾಗಿ, ಶಿಕಾರಿಪುರದ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದರು. ಮೊದಲು ಕಾಲೇಜಿನ ಹುಡುಗರು ಓದಿದರು, ಆಮೇಲೆ ಪತ್ರಿಕೆಯವರು ಬರೆದರು. ಮುಂದಿನ ಆಗಸ್ಟ್ ಹದಿನೈದಕ್ಕೆ ಶಾಲಾ ಮೈದಾನದಲ್ಲಿ ಆ ಮೊಕದ್ದಮೆಯನ್ನೇ ನಾಟಕ ಮಾಡಿದರು. ಅದರಲ್ಲಿ ಏಳನೇ ಸಾಕ್ಷಿ ಜರಿಪೇಟ ಸುತ್ತಿಕೊಂಡು, ಬ್ರಿಟಿಷ್ ಅಧಿಕಾರಿಯ ಬೂಟು ಒರೆಸುತ್ತಾನೆ. ಮಕ್ಕಳು ನಕ್ಕರು. ಅಂದಿನಿಂದ ಅಂಗಡಿಗೆ ‘ಏಳನೇ ಸಾಕ್ಷಿ ಅಂಗಡಿ’ ಎಂದೇ ಹೆಸರಾಯಿತು. ಯಾರೂ ಬೈಯಲಿಲ್ಲ, ಕಲ್ಲು ಹೊಡೆಯಲಿಲ್ಲ. ಬಸ್ ಸ್ಟ್ಯಾಂಡಿಗೆ ದಾರಿ ಕೇಳಿದವರಿಗೆ ಸಹ ‘ಏಳನೇ ಸಾಕ್ಷಿ ಅಂಗಡಿ ದಾಟಿ ಎಡಕ್ಕೆ’ ಎಂದು ಹೇಳುತ್ತಿದ್ದರು, ಅಷ್ಟೆ. ನೀಲಾಂಬಿಕರಿಗೆ ನಿಶ್ಚಯವಾಗಿದ್ದ ಗಂಡಿನ ಕಡೆಯವರು ಕಾರಣ ಹೇಳದೆ ಹಿಂದೆ ಸರಿದರು. ಆಮೇಲೆ ಬೇರೆ ಗಂಡು ಕೇಳಲು ನೀಲಾಂಬಿಕ ತಂದೆಯನ್ನು ಬಿಡಲಿಲ್ಲ.

ಒಂದು ದಿನ ಮಗಳು ಪುಸ್ತಕ ತಂದು ಎದುರಿಗಿಟ್ಟು ಇದಕ್ಕೆ ಏನು ಹೇಳುತ್ತೀರಿ ಎಂದು ಕೇಳಿದಾಗ, ಶಾಂತವೀರಪ್ಪನವರು ಮಡಚುತ್ತಿದ್ದ ಪಂಚೆಯನ್ನು ಪೂರ್ತಿ ಮಡಚಿ ಕೆಳಗಿಟ್ಟರು.

“ಬರೆದಿದ್ದು ಸುಳ್ಳಲ್ಲವ್ವ,” ಎಂದರು.

ಅದಕ್ಕಿಂತ ಹೆಚ್ಚು ಒಂದು ಮಾತನ್ನೂ ಆಡಲಿಲ್ಲ. ಎಪ್ಪತ್ತೆಂಟರಲ್ಲಿ ತೀರಿಕೊಂಡರು. ಮಣ್ಣಿಗೆ ಬಂದವರು ಒಂಬತ್ತು ಜನ.

*

ತೊಂಬತ್ತಮೂರರಲ್ಲಿ ಸೊರಬದ ವಕೀಲ ಕಮಲಾಕರರಿಗೆ ಕಣ್ಣಿನ ಪೊರೆ ಬೆಳೆದು ಓದುವುದು ಕಷ್ಟವಾಯಿತು. ಅವರ ತಂದೆಯೂ ವಕೀಲರು. ಮಾವಿನಕಾನು ಮೊಕದ್ದಮೆಯಲ್ಲಿ ಆರೋಪಿಗಳ ಪರ ನಿಂತವರು ಅವರೇ. ಮಾರ್ಕೆಟ್ ರಸ್ತೆಯ ಮನೆಯ ಮಹಡಿಯಲ್ಲಿ ಅವರ ಕಾಗದಗಳು ಆರು ಪೆಟ್ಟಿಗೆಯಷ್ಟಿದ್ದವು. ಗೆದ್ದಲು ಹಿಡಿಯುವ ಮೊದಲು ಯಾರಾದರೂ ವಿಂಗಡಿಸಿ ಪಟ್ಟಿ ಮಾಡಿಕೊಟ್ಟರೆ ಆಗಬಹುದಿತ್ತು ಎಂದು ಕಮಲಾಕರರು ಒಂದು ಉಪನ್ಯಾಸದ ಸಭೆಯಲ್ಲಿ ಹೇಳಿದ್ದನ್ನು ಕೇಳಿ, ನೀಲಾಂಬಿಕ ತಾನು ಬರುತ್ತೇನೆಂದರು. ಯಾರ ಮಗಳೆಂದೂ ಮೊದಲೇ ಹೇಳಿದರು. ಕಮಲಾಕರರು ಮಹಡಿಯ ಬೀಗದ ಕೈ ಕೊಟ್ಟರು.

ಪ್ರತಿ ಭಾನುವಾರ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋಗಿ ಬರುವುದು ರೂಢಿಯಾಯಿತು. ಐದನೆಯ ತಿಂಗಳು ಮೊಕದ್ದಮೆಯ ಕಟ್ಟು ಕೈಗೆ ಬಂತು. ತಂದೆ ಕೋರ್ಟಿನಲ್ಲಿ ಹೇಳಿದ ಸಾಕ್ಷಿ ಇತ್ತು, ಹನ್ನೊಂದು ಹೆಸರುಗಳಿದ್ದವು. ಸುಳ್ಳಲ್ಲ. ಅದರ ಕೆಳಗೆ ಮೇಲ್ಮನವಿಯ ಕಾಗದಗಳು. ಅವುಗಳ ನಡುವೆ ನಾಲ್ಕು ಹಾಳೆಯ ಒಂದು ಪ್ರಮಾಣಪತ್ರವಿತ್ತು, ಕನ್ನಡದ್ದು, ಕೊನೆಯಲ್ಲಿ ಅಪ್ಪನ ಸಹಿ. ಬೆಂಗಳೂರಿನ ಮೇಲಿನ ಕೋರ್ಟಿಗೆ ನಲವತ್ತನಾಲ್ಕರಲ್ಲಿ ಕೊಟ್ಟದ್ದು. ನಾನು ಆ ದಿನ ಡಿಪೋ ಹತ್ತಿರವೇ ಇರಲಿಲ್ಲ, ನಾನು ಯಾರನ್ನೂ ನೋಡಿಲ್ಲ, ಸುಳ್ಳು ಸಾಕ್ಷಿ ಹೇಳಿದ್ದೇನೆ, ಅದರ ಶಿಕ್ಷೆ ನನಗಾಗಲಿ ಎಂದಿತ್ತು. ಅದಕ್ಕೆ ಹೊಂದಿಸಿದ್ದ ಇನ್ನೊಂದು ಚೀಟಿಯ ಪ್ರಕಾರ ಶಿಕ್ಷೆ ಆಗಿಯೂ ಇತ್ತು, ಆರು ತಿಂಗಳು. ಅಪ್ಪ ಯುದ್ಧದ ಕಾಲದಲ್ಲಿ ಅಕ್ಕಿ ಬಚ್ಚಿಟ್ಟು ಜೈಲಿಗೆ ಹೋಗಿದ್ದರೆಂದು ಊರು ನಂಬಿತ್ತು. ಮಗಳೂ ಹಾಗೆಂದೇ ನಂಬಿದ್ದಳು.

ಪ್ರಮಾಣಪತ್ರದ ಮೂರನೆಯ ಹಾಳೆಯಲ್ಲಿ ಒಂದು ವಾಕ್ಯವಿತ್ತು: ‘ಒದ್ದೆ ಗೋಣಿಚೀಲ ಬೆನ್ನಿಗೆ ಹಾಕಿ ಹೊಡೆದರು, ಬರೆ ಏಳಬಾರದೆಂದು; ಹೆಸರು ಅವರೇ ಹೇಳಿಕೊಟ್ಟರು, ನಾನು ತಿರುಗಿ ಹೇಳಿದೆ.’

ನೀಲಾಂಬಿಕ ಇದನ್ನು ಮೊದಲು ಓದಿದ್ದರು. ಎಲ್ಲಿ ಎಂದು ಹುಡುಕುವ ಅಗತ್ಯ ಬೀಳಲಿಲ್ಲ. ‘ಕಾನು ಮತ್ತು ಕಿರೀಟ’ದ ಇನ್ನೂರ ಹದಿನಾಲ್ಕನೇ ಪುಟದಲ್ಲಿ ಪೊಲೀಸರ ದೌರ್ಜನ್ಯದ ಬಗ್ಗೆ ಬರೆಯುತ್ತ ಪ್ರೊಫೆಸರರು ಈ ವಾಕ್ಯವನ್ನು ಅಕ್ಷರ ತಪ್ಪದೆ ಉದ್ಧರಿಸಿದ್ದರು. ಹೇಳಿದವನು ‘ಒಬ್ಬ ಕೈದಿ’. ಹೆಸರಿರಲಿಲ್ಲ. ಕಟ್ಟಿನ ಮೇಲೆ ಒಂದು ಚೀಟಿಯೂ ಅಂಟಿಕೊಂಡಿತ್ತು: ‘ಪೂರ್ತಿ ಓದಿ ಹಿಂತಿರುಗಿಸಿದ್ದೇನೆ. ವೀರಬಸಪ್ಪ, ೧೯೬೮.’

ತಪ್ಪಿ ಆದದ್ದಲ್ಲ. ಆ ಮನುಷ್ಯ ಓದಿದ್ದ. ಅಪ್ಪನ ಸುಳ್ಳಿಗೆ ಅಪ್ಪನ ಹೆಸರು ಹಾಕಿದ್ದ, ಅಪ್ಪನ ನಿಜವನ್ನು ಹೆಸರಿಲ್ಲದೆ ಎತ್ತಿಕೊಂಡಿದ್ದ. ಊರಿನ ವ್ಯಾಪಾರಿಗಳು ಸಾಮ್ರಾಜ್ಯದ ಲಾಭಕ್ಕೆ ಕೈಜೋಡಿಸಿದರು ಎಂಬ ಅವನ ವಾದಕ್ಕೆ ಒಬ್ಬ ಕಂತ್ರಾಟುದಾರ ಬೇಕಿದ್ದ. ತಪ್ಪೊಪ್ಪಿಕೊಂಡು ಜೈಲಿಗೆ ಹೋದ ಕಂತ್ರಾಟುದಾರ ಆ ವಾದದೊಳಗೆ ಕೂರುತ್ತಿರಲಿಲ್ಲ.

ನೀಲಾಂಬಿಕ ಆ ನಾಲ್ಕು ಹಾಳೆಯನ್ನು ಮತ್ತೆ ಕಟ್ಟಿಗೆ ಸೇರಿಸಲಿಲ್ಲ. ಪಟ್ಟಿಯಲ್ಲೂ ಬರೆಯಲಿಲ್ಲ. ಕೈಚೀಲದಲ್ಲಿಟ್ಟುಕೊಂಡರು.

*

‘ಕಾನು ಮತ್ತು ಕಿರೀಟ’ದ ಎರಡನೆಯ ಆವೃತ್ತಿ ಬರಲಿದೆ ಎಂಬ ಸುದ್ದಿಯನ್ನು ನೀಲಾಂಬಿಕ ಪತ್ರಿಕೆಯಲ್ಲಿ ಓದಿದ್ದರು. ಪ್ರೊಫೆಸರರು ನಿವೃತ್ತರಾಗಿ ಶಿಕಾರಿಪುರಕ್ಕೇ ಬಂದು ನೆಲೆಸಿದ್ದರು. ತೊಂಬತ್ತನಾಲ್ಕರ ಫೆಬ್ರವರಿಯಲ್ಲಿ, ಹಳೆಯ ಟಿಪ್ಪಣಿಗಳು ಕಳೆದುಹೋಗಿವೆ, ಕಟ್ಟನ್ನು ಇನ್ನೊಮ್ಮೆ ನೋಡಬೇಕು ಎಂದು ಕಮಲಾಕರರಿಗೆ ಕಾಗದ ಬರೆದರು. ಬರುತ್ತೇನೆಂದ ಭಾನುವಾರ ಕಮಲಾಕರರು ಕಣ್ಣಿನ ಆಪರೇಷನ್ನಿಗೆ ಶಿವಮೊಗ್ಗದಲ್ಲಿದ್ದರು. ಮಹಡಿಯಲ್ಲಿ ನೀಲಾಂಬಿಕ ಒಬ್ಬರೇ.

ಬಂದವರು ತೆಳ್ಳಗಿನ, ಬಿಳಿ ಅಂಗಿಯ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಮನುಷ್ಯ. ನೀರು ಕೇಳಿ ಕುಡಿದರು. ಪೆಟ್ಟಿಗೆಗಳ ಮೇಲೆ ಅಂಟಿಸಿದ್ದ ಪಟ್ಟಿಗಳನ್ನು ನೋಡಿ ಇಷ್ಟು ಅಚ್ಚುಕಟ್ಟಾಗಿ ಮಾಡಿದವರು ಯಾರೆಂದು ಕೇಳಿ ಹೊಗಳಿದರು. ನೀಲಾಂಬಿಕ ಹೆಸರು ಹೇಳದೆ, ಟೀಚರೆಂದು ಮಾತ್ರ ಹೇಳಿಕೊಂಡರು. ಪ್ರೊಫೆಸರರು ಮೂರು ಗಂಟೆ ಕಟ್ಟನ್ನು ಓದಿದರು. ಕೊನೆಯ ಹಾಳೆಯಾದ ಮೇಲೆ ಮತ್ತೆ ಮೊದಲಿಂದ ತಿರುವಿದರು.

“ಇದರಲ್ಲಿ ಒಂದು ಪ್ರಮಾಣಪತ್ರ ಇತ್ತು,” ಎಂದರು. “ನಾಲ್ಕು ಹಾಳೆ, ಕನ್ನಡದ್ದು. ಹಿಂದೆ ನಾನು ನೋಡಿದ್ದೆ.”

“ಇದ್ದಿದ್ದೆಲ್ಲಾ ನಿಮ್ಮ ಮುಂದೇ ಐತ್ರಿ.”

“ಬೇರೆ ಪೆಟ್ಟಿಗೆಗೆ ಏನಾದ್ರೂ ಸೇರಿರಬಹುದಾ?”

“ಆರೂ ಪೆಟ್ಟಿಗೆ ನಾನೇ ನೋಡೀನಿ. ಅಂಥದ್ದು ಯಾವುದೂ ಇಲ್ಲ.”

ಪ್ರೊಫೆಸರರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ಆ ಪುಸ್ತಕ ಬರೆಯುವಾಗ ಒಬ್ಬ ಮನುಷ್ಯನ ವಿಷಯದಲ್ಲಿ ನಾನು ಅನ್ಯಾಯ ಮಾಡಿದೀನಿ. ಈಗ ಸರಿ ಮಾಡೋಣ ಅಂತಲೇ ಬಂದೆ. ಆ ಕಾಗದ ಇಲ್ಲದೆ ನಾನು ಏನು ಬರೆದರೂ ಯಾರು ಒಪ್ತಾರೆ ಹೇಳಿ.”

ಕಾಗದ ಅವರಿಂದ ಮೂರು ಮೊಳ ದೂರದಲ್ಲಿ, ನೀಲಾಂಬಿಕರ ಚೀಲದಲ್ಲಿ, ಬುತ್ತಿಯ ಡಬ್ಬಿಯ ಕೆಳಗಿತ್ತು. ತೆಗೆದು ಕೊಟ್ಟಿದ್ದರೆ ಅಂದೇ ಮುಗಿಯುತ್ತಿತ್ತು. ಮುಂದಿನ ಆವೃತ್ತಿಯಲ್ಲಿ ಅಪ್ಪನ ಹೆಸರು ತೊಳೆದು ಬರುತ್ತಿತ್ತು. ಆದರೆ ಆ ಕ್ಷಣಕ್ಕೆ ಅವರ ಕಣ್ಣಿಗೆ ಕಂಡದ್ದು ಬೇರೆ. ಈ ಮನುಷ್ಯ ವೇದಿಕೆಯ ಮೇಲೆ ನಿಂತು ನಾನು ತಪ್ಪಿದ್ದೆ ಎನ್ನುತ್ತಾನೆ, ಸಭೆ ಚಪ್ಪಾಳೆ ತಟ್ಟುತ್ತದೆ, ಎಂಥಾ ದೊಡ್ಡ ಮನಸ್ಸು ಎಂದು ಪತ್ರಿಕೆಗಳು ಬರೆಯುತ್ತವೆ. ಅಪ್ಪ ಬದುಕಿದ್ದಾಗ ಅವನ ವಾದಕ್ಕೆ ಬೇಕಾದರು, ಸತ್ತ ಮೇಲೆ ಅವನ ದೊಡ್ಡತನಕ್ಕೆ ಬೇಕಾಗುತ್ತಾರೆ. ಒಬ್ಬನ ಹೆಸರನ್ನು ಇಪ್ಪತ್ತನಾಲ್ಕು ವರ್ಷ ಕೊಲ್ಲಲು ಈ ಕಾಗದ ಬೇಕಾಗದವನಿಗೆ ಈಗ ಒಂದು ಸಾಲು ಬರೆಯಲು ಅದೇ ಕಾಗದ ಬೇಕಂತೆ.

“ಇಲ್ಲದ್ದನ್ನ ಎಲ್ಲಿಂದ ತರಲಿ?” ಎಂದರು.

ಪ್ರೊಫೆಸರರು ಕೈಮುಗಿದು ಮೆಟ್ಟಿಲಿಳಿದು ಹೋದರು.

*

ತೊಂಬತ್ತೈದರಲ್ಲಿ ಎರಡನೆಯ ಆವೃತ್ತಿ ಬಂತು. ಶಾಂತವೀರಪ್ಪನವರ ಮೇಲಿನ ಪುಟಗಳು ಇದ್ದಂತೆಯೇ ಇದ್ದವು. ಇನ್ನೂರ ಹದಿನಾಲ್ಕನೇ ಪುಟದ ಕೈದಿಗೆ ಆಗಲೂ ಹೆಸರಿರಲಿಲ್ಲ. ಪುಸ್ತಕಕ್ಕೆ ಒಂದು ದೊಡ್ಡ ಪ್ರಶಸ್ತಿ ಘೋಷಣೆಯಾಯಿತು. ನೀಲಾಂಬಿಕ ಅದಕ್ಕಾಗಿಯೇ ಕಾದಿದ್ದರು. ಶಿರಾಳಕೊಪ್ಪದ ಒಂದು ಪ್ರೆಸ್ಸಿನಲ್ಲಿ ಹದಿನಾರು ಪುಟದ ಪುಸ್ತಿಕೆ ಮಾಡಿಸಿದರು. ‘ಇನ್ನೂರ ಹದಿನಾಲ್ಕನೇ ಪುಟದ ಕೈದಿ ಯಾರು?’ ಎಂದು ಹೆಸರಿಟ್ಟರು. ಎಡಪುಟದಲ್ಲಿ ಪ್ರಮಾಣಪತ್ರದ ಪ್ರತಿ, ಬಲಪುಟದಲ್ಲಿ ಪ್ರೊಫೆಸರರ ವಾಕ್ಯ, ಕೊನೆಯಲ್ಲಿ ಅರವತ್ತೆಂಟರ ಆ ಚೀಟಿಯ ಪ್ರತಿ. ತಮ್ಮ ಕಡೆಯಿಂದ ಒಂದು ಕೆಟ್ಟ ಮಾತೂ ಬರೆಯಲಿಲ್ಲ. ಮುನ್ನೂರು ಪ್ರತಿಯಲ್ಲಿ ಒಂದನ್ನು ಪ್ರಶಸ್ತಿಯ ಸಮಿತಿಗೆ, ಹತ್ತನ್ನು ಪತ್ರಿಕೆಗಳಿಗೆ, ಒಂದನ್ನು ತಂದೆಯ ನಾಟಕ ಆಡಿದ್ದ ಶಾಲೆಗೆ ಅಂಚೆಯಲ್ಲಿ ಕಳಿಸಿದರು.

ಆದದ್ದು ಅವರು ಎಣಿಸಿದ್ದಕ್ಕಿಂತ ದೊಡ್ಡದು. ಪ್ರಶಸ್ತಿಯನ್ನು ತಡೆಹಿಡಿದರು, ಆಮೇಲೆ ಬೇರೆಯವರಿಗೆ ಕೊಟ್ಟರು. ಪ್ರೊಫೆಸರರ ಶಿಷ್ಯರೇ ಅವರ ವಿರುದ್ಧ ಲೇಖನ ಬರೆದರು. ಪೇಟೆಯ ಹಿರಿಯರು ನೀಲಾಂಬಿಕರ ಮನೆಗೆ ಬಂದು, ನಮಗೆ ಗೊತ್ತಿರಲಿಲ್ಲವ್ವ ಎಂದು ಕೂತು ಚಹಾ ಕುಡಿದು ಹೋದರು. ನೀಲಾಂಬಿಕರಿಗೆ ನಿದ್ದೆ ಚೆನ್ನಾಗಿ ಬರತೊಡಗಿತು. ಅದನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ.

ಪ್ರೊಫೆಸರರು ಪತ್ರಿಕೆಗೆ ಒಂದೇ ಒಂದು ಕಾಗದ ಬರೆದರು. ನಾನು ತಪ್ಪು ಮಾಡಿದ್ದು ನಿಜ, ಅದನ್ನು ತಿದ್ದಲು ಇಂಥ ದಿನ ಸೊರಬಕ್ಕೆ ಹೋಗಿ ಆ ಪ್ರಮಾಣಪತ್ರವನ್ನು ಕೇಳಿದ್ದೆ, ಇಲ್ಲ ಎಂದರು ಎಂದಿತ್ತು. ಯಾರೂ ನಂಬಲಿಲ್ಲ. ಸಿಕ್ಕಿಬಿದ್ದ ಮೇಲೆ ಎಲ್ಲರೂ ಹೇಳುವ ಮಾತು ಎಂದು ಒಬ್ಬರು ಉತ್ತರ ಬರೆದರು.

ನಂಬಿದವರು ಒಬ್ಬರೇ. ಮುಂದಿನ ಭಾನುವಾರ ನೀಲಾಂಬಿಕ ಸೊರಬಕ್ಕೆ ಹೋದಾಗ ಕಮಲಾಕರರು ಮಹಡಿಯ ಮೆಟ್ಟಿಲ ಕೆಳಗೇ ಕುರ್ಚಿ ಹಾಕಿಕೊಂಡು ಕೂತಿದ್ದರು.

“ಆವತ್ತು ನೀವೊಬ್ರೇ ಇದ್ದಿದ್ದಲ್ದ?” ಎಂದು ಕೇಳಿದರು.

“ಹೌದು.”

“ಕೇಳಿದ್ರಾ ಅವ್ರು?”

“ಕೇಳಿದ್ರು.”

ಕಮಲಾಕರರು ಕೈ ಚಾಚಿದರು. ನೀಲಾಂಬಿಕ ಬೀಗದ ಕೈಯನ್ನು ಆ ಕೈಯಲ್ಲಿಟ್ಟು ಬಸ್ ಸ್ಟ್ಯಾಂಡಿಗೆ ನಡೆದರು.

*

ತೊಂಬತ್ತಾರರ ಬೇಸಗೆಯಲ್ಲಿ ಮಾವಿನಕಾನಿನಿಂದ ಹಾಲಮ್ಮ ಎಂಬ ಐವತ್ತರ ಹೆಂಗಸು ಮನೆ ಹುಡುಕಿಕೊಂಡು ಬಂದಳು. ಗಲ್ಲಿನಿಂದ ಉಳಿದ ಇಬ್ಬರಲ್ಲಿ ಒಬ್ಬನಾದ ಮಂಜಪ್ಪನ ಸೊಸೆ. ಮಂಜಪ್ಪನೂ ಸತ್ತು ವರ್ಷಗಳಾಗಿದ್ದವು. ಅವನ ಗಲ್ಲು ತಪ್ಪಿದ್ದು ನಿಮ್ಮ ತಂದೆಯ ಕಾಗದದಿಂದ ಎಂದು ಈಗ ತಿಳಿಯಿತೆಂದೂ, ಕೈಮುಗಿಯಲು ಬಂದೆನೆಂದೂ ಹೇಳಿ, ಒಂದು ಸೇರು ಮೆಣಸು ಕೊಟ್ಟಳು. ನೀಲಾಂಬಿಕ ಆ ಮೆಣಸಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಅತ್ತರು.

ಹಾಲಮ್ಮ ಏಳಲಿಲ್ಲ. ಇನ್ನೊಂದು ಮಾತಿತ್ತು. ಊರಿನ ಕಾನಿಗೆ ಬೇಲಿ ಹಾಕಿ ಹೊರಗಿನವರಿಗೆ ಕೊಡುವ ಯತ್ನ ಸರ್ಕಾರದಿಂದ ನಡೆದಿತ್ತು, ಊರಿನವರು ನಾಲ್ಕು ವರ್ಷದಿಂದ ಕೇಸು ನಡೆಸುತ್ತಿದ್ದರು. ಕಾನು ತಮ್ಮದಾಗಿತ್ತು, ಬ್ರಿಟಿಷರ ಕಾಲದಲ್ಲಿ ಮರಕ್ಕಾಗಿ ಕಿತ್ತುಕೊಂಡರು ಎಂಬುದಕ್ಕೆ ಅವರ ಬಳಿ ಇದ್ದ ಆಧಾರ ಪ್ರೊಫೆಸರರ ಪುಸ್ತಕ ಒಂದೇ. ಹೋದ ತಿಂಗಳು ಎದುರು ವಕೀಲರು ನೀಲಾಂಬಿಕರ ಪುಸ್ತಿಕೆಯನ್ನು ಕೋರ್ಟಿನಲ್ಲಿ ಎತ್ತಿ ಹಿಡಿದು, ಬೇಕಾದ್ದನ್ನು ಬರೆದು ಬೇಡದ್ದನ್ನು ಮುಚ್ಚಿಡುವ ಲೇಖಕನ ಪುಸ್ತಕವನ್ನು ಹೇಗೆ ನಂಬುವುದು ಎಂದಿದ್ದರು.

“ನಿಮ್ಮಪ್ಪಾರ ಹೆಸರು ಬಂತು, ಅದು ಬರಬೇಕಾಗಿದ್ದೇ,” ಎಂದಳು ಹಾಲಮ್ಮ. “ನಮ್ಮ ಕಾನು ಮಾತ್ರ ಹೋಗೋ ಹಂಗಾತು. ಮರದ ವಿಚಾರ ಬರೆದಿದ್ದೂ ಸುಳ್ಳೇನ್ರಿ ಹಂಗಾರೆ?”

ಇಷ್ಟು ವರ್ಷ ಪುಸ್ತಕದ ಮೊದಲರ್ಧವನ್ನು ನೀಲಾಂಬಿಕ ಓದಿದ್ದರೇ ಹೊರತು, ಅದು ನಿಜವೋ ಸುಳ್ಳೋ ಎಂದು ಯೋಚಿಸಿರಲಿಲ್ಲ.

ಕಮಲಾಕರರ ಮುಂದೆ ಹೋಗಿ ನಿಂತರು. ಬೀಗದ ಕೈ ಕೊಡಿ ಎಂದು ಕೇಳುವುದು ಅವರಿಗೆ ಸುಲಭವಾಗಲಿಲ್ಲ. ಮಾವಿನಕಾನಿನವರಿಗೆ ಎಂದು ಹೇಳಿದ ಮೇಲೆ ಕಮಲಾಕರರು ಕೊಟ್ಟರು, ಆದರೆ ಪ್ರತಿ ಭಾನುವಾರವೂ ತಾವೇ ಮಹಡಿಗೆ ಬಂದು ಬಾಗಿಲ ಹತ್ತಿರ ಕೂತರು. ಹಳೆಯ ವಕೀಲರು ಮೊಕದ್ದಮೆಗಾಗಿ ಕೂಡಿಟ್ಟಿದ್ದ ಅರಣ್ಯದ ಕಾಗದಗಳ ನಕಲುಗಳು ಎರಡು ಪೆಟ್ಟಿಗೆಯಲ್ಲಿದ್ದವು. ನೀಲಾಂಬಿಕ ಪುಸ್ತಕದ ಮೊದಲರ್ಧದ ನೂರ ನಲವತ್ತಮೂರು ಅಡಿಟಿಪ್ಪಣಿಗಳನ್ನೂ ಒಂದೊಂದಾಗಿ ಮೂಲದ ಜೊತೆ ಹೋಲಿಸಿದರು. ಒಂದಾದರೂ ಸುಳ್ಳು ಸಿಗಲಿ ಎಂಬ ಆಸೆಯಿಂದಲೇ ಶುರುಮಾಡಿದ್ದು. ಗಡಿಕಲ್ಲುಗಳು, ಕಡಿದ ಮರಗಳ ಲೆಕ್ಕ, ಸೊಪ್ಪಿನ ದಂಡ, ಅಮಲ್ದಾರರ ಪತ್ರಗಳು. ಏಳು ವಾರವಾಯಿತು. ಎಲ್ಲವೂ ಸರಿಯಾಗಿದ್ದವು. ಈ ಮನುಷ್ಯ ಒಂದು ಮರವನ್ನೂ ಹೆಚ್ಚು ಎಣಿಸಿರಲಿಲ್ಲ. ಮರಕ್ಕೆ ಇಷ್ಟು ನಿಯತ್ತಾಗಿದ್ದವನು ಅಪ್ಪನಿಗೆ ಯಾಕೆ ಹಾಗೆ ಮಾಡಿದ ಎಂದು ಅವರಿಗೆ ಸಿಟ್ಟು ಇನ್ನೂ ಹೆಚ್ಚಾಯಿತು.

ನಕಲುಗಳನ್ನೆಲ್ಲ ಹೊಂದಿಸಿ ಫೈಲು ಮಾಡಿ, ಹಾಲಮ್ಮನ ಕೈಗೆ ಕೊಡುವ ಮೊದಲು, ನೀಲಾಂಬಿಕ ಶಿಕಾರಿಪುರದಲ್ಲೇ ನಾಲ್ಕು ಬೀದಿ ಆಚೆ ಇದ್ದ ಪ್ರೊಫೆಸರರ ಮನೆಗೆ ಹೋದರು.

ಅವರ ಮಗಳು ಗಂಗಾಶ್ರೀ ಬಾಗಿಲು ತೆಗೆದು ಒಳಗೆ ಕರೆದು ಕೂರಿಸಿ ಹೋದಳು. ಪ್ರೊಫೆಸರರು ಇನ್ನೂ ತೆಳ್ಳಗಾಗಿದ್ದರು. ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹಿಡಿದ ಮೇಲೆ ಎದ್ದು ನಿಲ್ಲಲು ನೋಡಿದರು, ಆಗಲಿಲ್ಲ.

“ನಾನು ಶಾಂತವೀರಪ್ಪನವರ ಮಗಳು,” ಎಂದರು ನೀಲಾಂಬಿಕ. “ನೀವು ಸೊರಬದಲ್ಲಿ ಕೇಳಿದಾಗ ಆ ಕಾಗದ ನನ್ನ ಚೀಲದಲ್ಲೇ ಇತ್ತು. ನೀವು ತಿದ್ದಾಕೇ ಬಂದಿದ್ರಿ ಅಂತ ಗೊತ್ತಿದ್ದೂ ‘ಇಲ್ಲ’ ಅಂದೆ. ಅದನ್ನ ಹೇಳಾಕ ಬಂದೀನಿ.”

ಪ್ರೊಫೆಸರರು ಕಿಟಕಿಯ ಕಡೆ ನೋಡಿದರು.

“ಇದನ್ನ ಹೊರಗೆ ಹೇಳ್ತೀರಾ?”

“ಇಲ್ಲ.”

“ಒಂದು ಸಾಲು ಸಾಕು. ಪತ್ರಿಕೆಗೆ.”

“ನಮ್ಮಪ್ಪಂಗೂ ಒಂದು ಸಾಲೇ ಸಾಕಾಗಿತ್ತು,” ಎಂದರು ನೀಲಾಂಬಿಕ. “ಎಂಟು ವರ್ಷ ಅಂಗಡಿ ಬಾಗಿಲು ತೆಗೆದು ಕೂತಿದ್ರು. ನಿಮಗೆ ಎಷ್ಟು ದಿನ ಆಗುತ್ತೋ ಕೂತ್ಕೊಳ್ಳಿ.”

ಹೇಳಬೇಕಾದ್ದು ಮುಗಿದಿತ್ತು. ಎದ್ದಾಗ ಅವರ ಕೈಯಲ್ಲಿದ್ದ ಫೈಲನ್ನು ಪ್ರೊಫೆಸರರು ನೋಡಿದರು. ಮೇಲೆ ಬರೆದಿದ್ದ ಮಾವಿನಕಾನು ಎಂಬ ಹೆಸರು ನೋಡಿ ಅದೇನೆಂದು ಕೇಳಿದರು. ಹೇಳಬಾರದೆಂದುಕೊಂಡರೂ ನೀಲಾಂಬಿಕ ಹೇಳಿದರು. ಕೇಸು, ಹಾಲಮ್ಮ, ನೂರ ನಲವತ್ತಮೂರು ಟಿಪ್ಪಣಿ, ಎಲ್ಲ ಸರಿ ಇವೆ ಎಂಬುದು.

“ಎಲ್ಲ ಸರಿ ಇಲ್ಲ,” ಎಂದರು ಪ್ರೊಫೆಸರರು. ದನಿ ಏಕಾಏಕಿ ಪಾಠ ಹೇಳುವವರ ದನಿಯಾಯಿತು. “ತೊಂಬತ್ತೇಳನೇದು ನೋಡಿ. ಸರ್ವೆ ನಂಬರು ನಾನು ತಪ್ಪಾಗಿ ಓದಿದೀನಿ, ಅಚ್ಚಾದ ಮೇಲೆ ಗೊತ್ತಾಯ್ತು. ನಕಲು ಮಾಡಿದ ಗುಮಾಸ್ತನ ಎಂಟು ಮೂರರ ಹಾಗೆ ಕಾಣುತ್ತೆ. ನೀವೂ ಮೂರು ಅಂತಲೇ ಓದಿರಬೇಕು. ಎದುರು ವಕೀಲ ಹಿಡಿಯೋದು ಅದನ್ನೇ.”

ನೀಲಾಂಬಿಕ ಫೈಲು ತೆರೆದರು. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಎಂಟೇ.

ಅವರು ಮತ್ತೆ ಕೂತರು. ಮಧ್ಯಾಹ್ನದವರೆಗೂ ಇಬ್ಬರೂ ಹಾಳೆ ಹಾಳೆ ನೋಡಿದರು. ಯಾವ ಪತ್ರ ಮೊದಲಿಡಬೇಕು, ಯಾವುದನ್ನು ಕೇಳಿದರೆ ಮಾತ್ರ ಕೊಡಬೇಕು ಎಂದು ಪ್ರೊಫೆಸರರು ಹೇಳುತ್ತ ಹೋದರು, ಅವರು ಬರೆದುಕೊಳ್ಳುತ್ತ ಹೋದರು. ಗಂಗಾಶ್ರೀ ಮಜ್ಜಿಗೆ ತಂದಿಟ್ಟಳು. ನೀಲಾಂಬಿಕ ಮುಟ್ಟಲಿಲ್ಲ. ಹೊರಡುವಾಗ ಪ್ರೊಫೆಸರರು ಇನ್ನೊಮ್ಮೆ, ಆ ಒಂದು ಸಾಲು, ಎಂದರು. ನೀಲಾಂಬಿಕ ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿದರು.

ತೊಂಬತ್ತೆಂಟರಲ್ಲಿ ಕೋರ್ಟು ಮಾವಿನಕಾನಿಗೆ ಬೇಲಿ ಹಾಕಬಾರದೆಂದು ಆದೇಶ ಮಾಡಿತು. ಎದುರಿನವರು ಮೇಲಿನ ಕೋರ್ಟಿಗೆ ಹೋದರು, ಅಲ್ಲಿ ಅದು ಇನ್ನೂ ನಡೆಯುತ್ತಿತ್ತು. ಮರುವರ್ಷ ಪ್ರೊಫೆಸರರು ತೀರಿಕೊಂಡರು. ನಾಲ್ಕು ಬೀದಿ ಆಚೆ ಜನ ಸೇರಿದ್ದು ನೀಲಾಂಬಿಕರ ಮನೆಯ ಮಾಳಿಗೆಯಿಂದ ಕಾಣುತ್ತಿತ್ತು. ಹೋಗಲಿಲ್ಲ. ಮರುದಿನ ಶಾಲೆಯಲ್ಲಿ ಸಿಕ್ಕ ಪತ್ರಿಕೆಗಳನ್ನೆಲ್ಲ ಸ್ಟಾಫ್ ರೂಮಿನಲ್ಲಿ ಕೂತು ಓದಿದರು. ಪ್ರತಿಯೊಂದರಲ್ಲೂ ಕೊನೆಗೆ ಆ ತಪ್ಪಿನ ವಿಷಯವಿತ್ತು, ಅದನ್ನು ಮುಚ್ಚಿಕೊಳ್ಳಲು ಅವರು ಸುಳ್ಳು ಹೇಳಿದರೆಂಬುದೂ ಇತ್ತು. ಸುಳ್ಳು ಎಂಬ ಪದದ ಮೇಲೆ ನೀಲಾಂಬಿಕರ ಬೆರಳು ಸ್ವಲ್ಪ ಹೊತ್ತು ನಿಂತಿತು. ಎದೆಯಲ್ಲಿ ಸಮಾಧಾನವೂ ಇತ್ತು, ಅದರ ಪಕ್ಕದಲ್ಲೇ ಇನ್ನೊಂದು ಇತ್ತು. ಅದಕ್ಕೆ ಏನು ಹೆಸರೆಂದು ಅವರು ಹುಡುಕಲಿಲ್ಲ. ಗಂಟೆ ಹೊಡೆಯಿತು. ಪತ್ರಿಕೆಗಳನ್ನು ಮಡಚಿಟ್ಟು, ಸೀಮೆಸುಣ್ಣ ತೆಗೆದುಕೊಂಡು ಒಂಬತ್ತನೇ ತರಗತಿಗೆ ಹೋದರು.